ಬಾಗಿಲಿಗೆ ಅಂಟಿಸಿದ ಫೋಟೊ

ಅಪ್ಪಾ,

ಅಂಗಡಿಯ ಬಾಗಿಲಿಗೆ "ಕಳ್ಳಿಯರು, ಎಚ್ಚರಿಕೆ" ಎಂದು ಬರೆದು ಸಿಸಿಟಿವಿ ಕ್ಯಾಮೆರಾದ ಫೋಟೊ ಅಂಟಿಸಿದ್ದೀರಲ್ಲ, ಅದರಲ್ಲಿ ನಡುವೆ ಇರುವವಳು ನಾನು.

ಹೊಸದಾಗಿ ನೀಲಿ ಬಣ್ಣ ಹಾಕಿಸಿದ ಕೂದಲನ್ನು ನಿಮಗೆ ತೋರಿಸೋಣವೆಂದು ಹಾಸ್ಟೆಲಿನ ಗೆಳತಿಯರಿಬ್ಬರ ಜೊತೆ ಮೊನ್ನೆ ಬಂದಿದ್ದೆ. ಮೂವರೂ ಕಪ್ಪು ಬಟ್ಟೆ ತೊಟ್ಟಿದ್ದೆವು, ನಾನು ಕಣ್ಣಿನ ಸುತ್ತಲೂ ಕಪ್ಪು ಬಳಿದುಕೊಂಡಿದ್ದೆ, ನಿಜ. ಆದರೆ ನೀವು ನನ್ನ ಮುಖ ನೋಡಿಕೊಂಡೇ, "ಈ ಕರಿಬಟ್ಟೆ ಪಟಾಲಂ ಪೂರ್ತಿ ಕಳ್ಳರೇ. ಆಚೆ ನಡೀರಿ!" ಎಂದಿರಿ. "ಅಂಕಲ್, ಇವಳು ನಿಮ್ಮ..." ಎಂದ ಗೆಳತಿಯ ಬಾಯನ್ನೂ ಮುಚ್ಚಿಸಿದಿರಿ. ನಾನು "ಅಪ್ಪಾ" ಎನ್ನದೆ ಅವರಿಬ್ಬರನ್ನೂ ಕರೆದುಕೊಂಡು ಹೊರಟುಬಿಟ್ಟೆ.

ಫೋಟೊ ನೋಡಿದ ಪಕ್ಕದ ಬೀದಿಯ ಔಷಧಿ ಅಂಗಡಿಯವರು ಆ ಗೆಳತಿಯನ್ನು ಕೆಲಸದಿಂದ ತೆಗೆದಿದ್ದಾರೆ. ದಯವಿಟ್ಟು ನೀವೇ ಹೋಗಿ ಅವರ ಹತ್ತಿರ ಮಾತಾಡಿ. ಅಮ್ಮ ಅಂಗಡಿಗೆ ಬರುವ ಮೊದಲು ಫೋಟೊ ಕಿತ್ತುಬಿಡಿ. ಅವಳಾದರೆ ನನ್ನ ಗುರುತು ಹಿಡಿಯುತ್ತಾಳೆ.

ನಿಮ್ಮ ಮಗಳು