ಪುಟದ ಮೇಲಿನ ನಂಬರು

ಹಳೇಬೀಡು
೧೪ ಜೂನ್ ೨೦೨೫

ಪ್ರೀತಿಯ ಬಿಂದು,

ನೀನು ನನ್ನ ಫೋನ್ ತೆಗೆಯುತ್ತಿಲ್ಲ, ಅದಕ್ಕೇ ಕಾಗದ. ಹರಿದು ಹಾಕುವ ಮುಂಚೆ ಒಂದು ಸಲ ಓದು ಕಣೇ.

ರಕ್ತದಾನಿಗಳ ವೆಬ್‌ಸೈಟ್ ಮಾಡಲು ನಾವಿಬ್ಬರೂ ಕೂತಾಗಲೇ, ದಾನಿಗಳ ನಂಬರು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡ ಎಂದಿದ್ದೆ ನೀನು. ಗಾಬರಿಯಲ್ಲಿರುವವರಿಗೆ ಲಾಗಿನ್, ಪಾಸ್‌ವರ್ಡ್ ಎಲ್ಲ ಆಗುವ ಮಾತಲ್ಲ ಎಂದು ನಾನು ಹಟ ಹಿಡಿದೆ. ಜಾವಗಲ್ಲಿನ ಬಾಣಂತಿಗೆ ಹೊತ್ತಿಗೆ ಸರಿಯಾಗಿ ರಕ್ತ ಸಿಕ್ಕಾಗ ನನ್ನದೇ ಸರಿ ಅಂದುಕೊಂಡೆ. ಆಮೇಲೆ ಯಾವನೋ ಆ ಪುಟದಿಂದ ನಿನ್ನ ನಂಬರು ಹಿಡಿದು ಹೊಲಸು ಮಾತಾಡತೊಡಗಿದ. ನಿಮ್ಮಪ್ಪ ಬೇಲೂರಿನ ಕೆಲಸ ಬಿಡಿಸಿ ನಿನ್ನನ್ನು ಹಗರೆಯ ಮನೆಯಲ್ಲಿ ಕೂರಿಸಿದರು.

ನಂಬರುಗಳನ್ನೆಲ್ಲ ತೆಗೆದು ಒಂದು ಫಾರಂ ಇಟ್ಟೆ. ಬೇಕಾದವರು ತುಂಬಿ ಕಳಿಸಲಿ, ಒಪ್ಪಿದ ದಾನಿಯೇ ಅವರಿಗೆ ಕರೆ ಮಾಡಲಿ ಎಂದು. ನೋಡಲು ಅಚ್ಚುಕಟ್ಟಾಗಿತ್ತು. ಹೋದ ತಿಂಗಳು ಕಣಕಟ್ಟೆಯ ಗಂಗಾಧರಪ್ಪ ಎನ್ನುವ ಹಿರಿಯರು ವಿಳಾಸ ಕೇಳಿಕೊಂಡು ಅರಸೀಕೆರೆಯ ನನ್ನ ಆಫೀಸಿಗೇ ಬಂದುಬಿಟ್ಟರು.

“ಮಾತಾಡಕ್ಕೆ ಒಂದು ನಂಬರೇ ಇಲ್ವಲ್ಲಮ್ಮ ಇದ್ರಲ್ಲಿ! ಸೊಸೆ ಆಸ್ಪತ್ರೇಲವ್ಳೆ. ಇದನ್ನ ತುಂಬಿ, ಯಾರ್ ಬತ್ತಾರೋ ಅಂತ ಕಾಯ್ಕಂಡು ಕೂತಿರ್ಲಾ?” ಎಂದರು.

ದಾನಿಯನ್ನು ಹುಡುಕಿ ಕಳಿಸಿದೆ. ಸೊಸೆ ಉಳಿದಳು. ಅವರು ಬಸ್ಸು ಹತ್ತಿ ಬರದೇ ಹೋಗಿದ್ದರೆ?

ಈಗ ಪುಟದ ಮೇಲ್ಗಡೆ ದಪ್ಪಕ್ಷರದಲ್ಲಿ ಒಂದೇ ನಂಬರು, ನನ್ನದು. ಕರೆ ಬಂದರೆ ದಾನಿಯನ್ನು ಕೇಳಿ, ಒಪ್ಪಿದರೆ ಮಾತ್ರ ಇಬ್ಬರನ್ನೂ ಸೇರಿಸುತ್ತೇನೆ. ಫೋನ್ ಬಿಟ್ಟು ಸ್ನಾನಕ್ಕೂ ಹೋಗಲಾರೆ. ರಿಂಗ್ ಆಗದಿದ್ದರೆ ಸಿಗ್ನಲ್ ಹೋಯಿತೇನೋ ಎಂದು ಬೀದಿಗೆ ಬಂದು ನೋಡುತ್ತೇನೆ. “ವೆಬ್‌ಸೈಟ್ ಮಾಡು ಅಂದ್ರೆ ನೀನೇ ವೆಬ್‌ಸೈಟ್ ಆಗ್ಬಿಟ್ಟೆ ಕಣೇ” ಎಂದು ನಮ್ಮವರು ನಗುತ್ತಿದ್ದರು. ನಾನು ಜ್ವರ ಬಂದು ಮಲಗಿದರೆ ಸೈಟೂ ಮಲಗುತ್ತದೆ ಎಂಬುದು ನಿಜ. ಇನ್ನೊಬ್ಬರು ಬೇಕೇ ಬೇಕು. ನಿನ್ನನ್ನು ಕೇಳಲು ಬಾಯಿ ಬರುತ್ತಿಲ್ಲ, ಆದರೂ ಕೇಳುತ್ತಿದ್ದೇನೆ. ಕರೆ ನನ್ನ ನಂಬರಿಗೇ ಬಂದು ನಿನಗೆ ತಿರುಗುವ ಹಾಗೆ ಮಾಡುತ್ತೇನೆ. ನಿನ್ನ ನಂಬರು ಯಾರಿಗೂ ಕಾಣದು.

ನಿನ್ನ ಉತ್ತರಕ್ಕೆ ಕಾದಿರುವ
ಶಿಲ್ಪಾ

ತಾ.ಕ.: ನೀನು ಕಳಿಸಿದ್ದ ಆ ಹೊಲಸು ಕರೆಯ ರೆಕಾರ್ಡಿಂಗನ್ನು ಕೇಳಲಾರದೆ ಬಿಟ್ಟಿದ್ದೆ. ಮೊನ್ನೆ ಸಂಜೆ ಕೇಳಿದೆ. ಅದು ನನ್ನ ಮೈದುನ ಶಶಿಕಿರಣನ ದನಿ. ಅತ್ತೆ, ನಮ್ಮವರು, ಎಲ್ಲರ ಮುಂದೆಯೂ ಹಾಕಿ ಕೇಳಿಸಿದೆ. “ಮನೆ ಮರ್ಯಾದೆ” ಎಂದರೇ ಹೊರತು ಬೇರೆ ಮಾತಿಲ್ಲ. ಠಾಣೆಯಲ್ಲಿ ದೂರು ಕೊಟ್ಟು ಬಂದಿದ್ದೇನೆ. ನಿಮ್ಮಪ್ಪನಿಗೆ ನಾನೇ ಬಂದು ಹೇಳುತ್ತೇನೆ. ಉತ್ತರವನ್ನು ಅರಸೀಕೆರೆಗೆ ಬರೆಯಬೇಡ, ಇಲ್ಲಿ ಅಮ್ಮನ ಮನೆಗೇ ಬರೆ.