ಎರಡು ಇಂಚು ಎತ್ತರದ ಸೀಟು

ಜೂನ್ ೯, ಭಾನುವಾರ

ಪ್ರೀತಿಯ ಕುಳ್ಳಿಗೆ,

ಹೀಗೆ ಕರೆದರೆ ನಿನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಗೊತ್ತು. ಆದರೆ ಹೆಸರು ಹಿಡಿದು ಬರೆದರೆ ಬೇರೆ ಯಾರಿಗೋ ಬರೆದ ಹಾಗಾಗುತ್ತದೆ. ಕಾರು ಮಾರಿಬಿಡಿ, ಕಾಗದ ಕಳಿಸಿದರೆ ನನ್ನ ಸಹಿ ಹಾಕುತ್ತೇನೆ ಎಂದು ನೀನು ಬರೆದ ಎರಡು ಸಾಲು ತಲುಪಿ ತಿಂಗಳಾಯಿತು. ತಡವಾಗಿದ್ದು ಸೀಟುಗಳಿಂದ. ಹರಿದ ಸೀಟಿನ ಹಳೇ ಕಾರನ್ನು ಯಾರು ಮೂಸಿ ನೋಡುತ್ತಾರೆ ಹೇಳು.

ಸೀಟು ಹೊಲಿಯುವವನು ಹೇಳಿದ ರೇಟಿಗೆ ಇನ್ನೊಂದು ಹಳೇ ಕಾರೇ ಬರುತ್ತಿತ್ತು. ಹಾಗಾಗಿ ನಾನೇ ಕೂತೆ. ನಿನಗೆ ನಗು ಬರಬಹುದು. ನಗು, ಇಲ್ಲಿ ನಗುವವರು ಯಾರೂ ಇಲ್ಲ. ಮೊನ್ನೆಯವರೆಗೂ ಸೀಟುಗಳೆಲ್ಲ ಊಟದ ಮೇಜಿನ ಮೇಲಿದ್ದವು, ನಾನು ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದೆ. ಹಳೇ ಕವರಿನ ಹೊಲಿಗೆಯನ್ನು ಬ್ಲೇಡಿನಲ್ಲಿ ಬಿಡಿಸಿ, ಆ ತುಂಡುಗಳನ್ನೇ ಅಳತೆಗಿಟ್ಟು ಹೊಸ ರೆಕ್ಸಿನ್ ಕತ್ತರಿಸಬೇಕು. ಬಲಗಡೆಯ ತುಂಡಿಗೆ ಅಳತೆಯನ್ನು ಮಗುಚಿ ಹಾಕುವುದನ್ನೇ ಮರೆತೆ. ಎರಡೂ ಎಡಗಡೆಯವೇ ಆದವು! ಸೀಟಿನವನಿಗೆ ತೋರಿಸಿದರೆ, ಸಾರ್ ನಿಮಗೆ ಬಲಗೈ ಅನ್ನೋದೇ ಇಲ್ವಾ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಪಾಪ ಅನ್ನಿಸಿತೇನೋ, ಅಂಗಡಿಯಲ್ಲಿ ಉಳಿದ ತುಂಡು ಕೊಟ್ಟು ತನ್ನ ಮೆಷಿನ್ನಿನಲ್ಲೇ ಹೊಲಿದುಕೊಟ್ಟ. ಬಣ್ಣ ಸ್ವಲ್ಪ ಬೇರೆ, ಹೋಗಲಿ. ಸ್ಪಂಜು ಎಲ್ಲೋ ಅಗ್ಗಕ್ಕೆ ಸಿಕ್ಕಿತು.

ನಿನ್ನ ಕಡೆಯ ಸೀಟು ಬಿಚ್ಚಿದ ದಿನ ಮಾತ್ರ ಕೈ ಓಡಲಿಲ್ಲ. ಹದಿನೆಂಟು ವರ್ಷ ನೀನು ಅದರ ಮೇಲೆ ಹೊದಿಕೆ ಮಡಚಿ ಹಾಕಿಕೊಂಡು ಕೂತೆ. ಮುಂದಿನ ರಸ್ತೆಯೇ ಕಾಣಲ್ಲ, ಸೀಟು ಎತ್ತರ ಮಾಡಿಸಿ ಎಂದು ಎಷ್ಟು ಸಲ ಕೇಳಿದೆಯೋ. ನೀನೇ ಸ್ವಲ್ಪ ಬೆಳಿ ಎಂದು ನಾನು ಪ್ರತಿ ಸಲವೂ ಅದೇ ಜೋಕು ಹೊಡೆದೆ. ಹೋಗುವ ದಿನ ಬಟ್ಟೆಬರೆ ಅರ್ಧ ಬಿಟ್ಟುಹೋದವಳು, ಕಾರಿನ ಬಾಗಿಲು ತೆಗೆದು ಆ ಹೊದಿಕೆಯನ್ನು ಮಾತ್ರ ಮರೆಯದೆ ಎತ್ತಿಕೊಂಡೆ. ನೀನು ಬೈದಿದ್ದರೂ ನನಗೆ ಅಷ್ಟು ತಟ್ಟುತ್ತಿರಲಿಲ್ಲ.

ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಈಗ ನಿನ್ನ ಸೀಟಿಗೆ ಎರಡು ಇಂಚು ಹೆಚ್ಚು ಸ್ಪಂಜು ಹಾಕಿದ್ದೇನೆ. ನಿನ್ನೆ ಕಾರು ನೋಡಲು ಒಬ್ಬ ಡ್ರಾಯಿಂಗ್ ಮೇಷ್ಟ್ರು ಹೆಂಡತಿಯ ಜೊತೆ ಬಂದಿದ್ದರು. ಆಕೆ ನಿನ್ನ ಜಾಗದಲ್ಲಿ ಕೂತರೆ ತಲೆ ಕಾರಿನ ಚಾವಣಿಗೆ ತಾಗಿತು. ಇದೊಂದು ತಗ್ಗಿಸಿಕೊಡಿ, ಇವತ್ತೇ ತಗೊಳ್ತೀವಿ ಎಂದರು ಮೇಷ್ಟ್ರು. ಒಂದು ಗಂಟೆಯ ಕೆಲಸ ಅಷ್ಟೆ. ಆಗಲ್ಲ, ಅದು ಒಬ್ಬರ ಅಳತೆಗೆ ಮಾಡಿದ್ದು ಎಂದುಬಿಟ್ಟೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಹೋದರು.

ಮನೆ ಬಿಕೋ ಎನ್ನುತ್ತಿದೆ ಕಣೇ. ಒಂದೇ ಒಂದು ಸಲ ಬಂದು ಆ ಸೀಟಿನಲ್ಲಿ ಕೂತು ನೋಡು. ರಸ್ತೆ ಕಂಡ ಮೇಲೂ ಮಾರಿ ಎಂದರೆ ಅವತ್ತೇ ಕಾಗದಕ್ಕೆ ಇಬ್ಬರೂ ಸಹಿ ಹಾಕೋಣ.

ಇಂತಿ, ನೀನೇ ಹೆಸರಿಟ್ಟ
ಕಿವುಡ

ಇನ್ನೊಂದು ಮಾತು: ಸ್ಪಂಜು ಅಗ್ಗಕ್ಕೆ ಸಿಕ್ಕಿತು ಎಂದದ್ದು ಸುಳ್ಳು. ಅದು ನಿನ್ನ ಹಾಸಿಗೆ. ಹದಿನಾಲ್ಕು ತಿಂಗಳು ಪಕ್ಕದಲ್ಲಿ ಖಾಲಿ ಬಿದ್ದಿದ್ದನ್ನು ನೋಡಲಾರದೆ ಕತ್ತರಿಸಿಬಿಟ್ಟೆ. ನೀನು ಬಂದರೆ ನನ್ನ ಹಾಸಿಗೆ ನಿನಗೆ, ನಾನು ಕಾರಿನಲ್ಲಿ ಮಲಗುತ್ತೇನೆ. ಬರುವಾಗ ಆ ಹೊದಿಕೆ ತಾ, ನನಗೆ ಬೇಕಾಗುತ್ತದೆ.