ಓಕ್‌ದಾನ್ ಬೆಟ್ಟ ಹತ್ತಿದ ವರ್ಷ

ನಾಮ್ವೊನ್,
೯ ಡಿಸೆಂಬರ್ ೧೯೭೫

ಪ್ರೀತಿಯ ಸೊಸೆಗೆ, ನನ್ನ ಓಕ್‌ದಾನಳ ಅಮ್ಮನಿಗೆ,

ಹೇಗಿದ್ದೀಯ ಮಗಳೇ? ಆಸ್ಪತ್ರೆಯ ಪಾಳಿ ಮುಗಿಯುವಷ್ಟರಲ್ಲಿ ಪಾದ ಊದಿಕೊಂಡು ಚಪ್ಪಲಿಗೆ ಹಿಡಿಯುವುದಿಲ್ಲ ಎಂದು ಬರೆದಿದ್ದೆಯಲ್ಲ, ಈಗ ಹೇಗಿದೆ? ಬಿಸಿನೀರಿಗೆ ಒಂದು ಹಿಡಿ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂರು. ಕಿಮ್ಚಿಯ ವಾಸನೆಗೆ ಕೆಳಮನೆಯ ಜರ್ಮನ್ ಮುದುಕಿ ಕಿಟಕಿಯನ್ನು ಧಡ್ ಎಂದು ಮುಚ್ಚುತ್ತಾಳೆ ಎಂದದ್ದಕ್ಕೆ ನನಗೆ ನಗು ಬಂತು. ಮುಚ್ಚಿಕೊಳ್ಳಲಿ ಬಿಡು. ನೀನು ಮಾತ್ರ ಆ ಒಣ ಕಪ್ಪು ರೊಟ್ಟಿಯನ್ನೇ ತಿಂದು ದಿನ ತಳ್ಳಬೇಡ, ವಾರಕ್ಕೊಮ್ಮೆಯಾದರೂ ಅನ್ನ ಬೇಯಿಸಿಕೋ. ನನ್ನ ಮಂಡಿ ಎಂದಿನಂತೆ ಇದೆ, ಚಳಿಗೆ ಸ್ವಲ್ಪ ಹೆಚ್ಚು ಗೊಣಗುತ್ತದೆ. ಈ ಸಲ ಎಲೆಕೋಸು ಚೆನ್ನಾಗಿ ಬಂದಿತ್ತು. ಕಳೆದ ವಾರ ಚಳಿಗಾಲದ ಕಿಮ್ಚಿ ಹಾಕಿ ಮಡಕೆಗಳನ್ನು ಹಿತ್ತಲಲ್ಲಿ ಹೂತದ್ದಾಯಿತು. ಉಪ್ಪು ಹಚ್ಚಿದ್ದೆಲ್ಲ ಓಕ್‌ದಾನ್. ನಾನು ಬರೀ ಕೂತು ಖಾರ ಕಲಸಿದೆ.

ಎರಡು ತಿಂಗಳಿಂದ ನನ್ನಿಂದ ಪತ್ರವಿಲ್ಲ ಎಂದು ನೀನು ಕಾತರಪಟ್ಟಿದ್ದೀಯ. ಡಾಕ್ಟರು ಒಂದು ಮಾತು ಹೇಳಲಿ, ಆಮೇಲೆ ಬರೆಯೋಣ ಎಂದು ಕಾದೆ. ಈಗ ಅವರು ಹೇಳಿಯಾಗಿದೆ. ನೀನು ಬಲ್ಲ ಸಂಗತಿಯಿಂದಲೇ ಶುರು ಮಾಡುತ್ತೇನೆ, ಒಮ್ಮೆಲೇ ಕೊನೆಯದನ್ನು ಬರೆಯಲು ಕೈ ಬರುತ್ತಿಲ್ಲ.

ಧಾನ್ಯದ ವ್ಯಾಪಾರಿಯ ಅರವತ್ತರ ಹುಟ್ಟುಹಬ್ಬಕ್ಕೆ ಓಕ್‌ದಾನ್ ನಮ್ಮ ಅಂಗಡಿಯ ಸೋಯಾ ಮೊಳಕೆ ಕೊಟ್ಟುಬರಲು ಹೋದವಳು, ಡೋಲಿನವನು ಸುಮ್ಮನೆ ಕೂತಿದ್ದನ್ನು ನೋಡಿ ಒಂದು ಕಥೆಹಾಡು ಎತ್ತಿದಳಂತೆ. ಆ ಮನೆಗೆ ಹಾಡಲು ಜೊಂಜುವಿನಿಂದ ಬಂದಿದ್ದ ಗಾಯಕಿ ಪ್ಯೋ ಮಾರನೆಯ ದಿನ ನಮ್ಮ ಅಂಗಡಿಯ ಮುಂದೆ ನಿಂತಿದ್ದರು. “ದೊಡ್ಡಮ್ಮಾ, ಈ ಹುಡುಗಿ ಗಂಟಲಲ್ಲಿ ಮಣ್ಣಿದೆ. ಜೇನಿನಂಥ ಗಂಟಲು ಬೇಕಾದಷ್ಟು ಸಿಗತ್ತೆ, ಮಣ್ಣಿರೋದು ಸಿಗಲ್ಲ. ನೂರು ದಿನ ನನ್ನ ಜೊತೆ ಬೆಟ್ಟಕ್ಕೆ ಕಳಿಸಿ. ಜಲಪಾತದ ಎದುರು ಕೂರಿಸಿ ಹಾಡಿಸ್ತೀನಿ. ನೀರಿನ ಸದ್ದನ್ನ ಸೀಳ್ಕೊಂಡು ಅವಳ ದನಿ ಬಂತು ಅಂದ್ರೆ, ಅಕ್ಟೋಬರ್‌ನಲ್ಲಿ ರಾಜಧಾನಿ ಸೋಲ್‌ನ ಗಾಯನ ತಂಡದೋರು ಆಯ್ಕೆಗೆ ಬರ್ತಾರೆ, ಅವರ ಮುಂದೆ ನಿಲ್ಲಿಸ್ತೀನಿ” ಎಂದರು. ಶಾಲೆಯ ಗತಿ ಏನು ಎಂದೆ. “ಶಾಲೆ ಅಲ್ಲೇ ಇರತ್ತೆ. ಈ ವಯಸ್ಸಿನ ಗಂಟಲು ಇರಲ್ಲ” ಎಂದರು. ಓಕ್‌ದಾನ್ ಒಳಗೆ ಮೊಳಕೆಯ ಮಡಕೆಗೆ ನೀರು ಹೊಯ್ಯುತ್ತಿದ್ದಳು. ನೀರು ತುಂಬಿ ನೆಲವೆಲ್ಲ ಹರಿದರೂ ಅವಳಿಗೆ ಎಚ್ಚರವಿರಲಿಲ್ಲ.

ಅವಳ ಕ್ಲಾಸಿನ ನಾಮ್ ಮೇಷ್ಟ್ರು ನಮ್ಮನ್ನು ಹೆಡ್‌ಮಾಸ್ಟರ ಹತ್ತಿರ ಕರೆದೊಯ್ದದ್ದನ್ನು ನಿನಗೆ ಚುಟುಕಾಗಿ ಬರೆದಿದ್ದೆ. ಪೂರ್ತಿ ಬರೆದಿರಲಿಲ್ಲ. ಆ ನೂರು ದಿನದಲ್ಲಿ ಜುಲೈ-ಆಗಸ್ಟಿನ ಬೇಸಿಗೆ ರಜೆ ಬಿಟ್ಟರೂ ಮುಂಚೆ ಒಂದಿಷ್ಟು, ಆಮೇಲೆ ಒಂದಿಷ್ಟು ದಿನ ಶಾಲೆ ತಪ್ಪುತ್ತದೆ, ಅದನ್ನು ವಾಲಿಬಾಲ್ ಹುಡುಗಿಯರಿಗೆ ಮಾಡಿದ ಹಾಗೆ ಹಾಜರಿ ಎಂದೇ ಬರೆದುಕೊಳ್ಳಿ ಎಂದು ಮೇಷ್ಟ್ರು ಕೇಳಿದರು. ಹೆಡ್‌ಮಾಸ್ಟರು ಕನ್ನಡಕ ಒರೆಸುತ್ತ, “ಆ ಹುಡುಗೀರ ಎದೆ ಮೇಲೆ ಶಾಲೆ ಹೆಸರಿರತ್ತೆ ಕಣ್ರೀ. ಇವಳು ಹಾಡಿದ್ರೆ ಯಾವ ಹೆಸರು ಬರತ್ತೆ, ಹೆಂಡದ ಮನೆ ಹೆಸರಾ? ಓದೋ ಹೆಣ್ಣುಮಕ್ಕಳು ಅತಿಥಿಗಳ ಮುಂದೆ ಬೀಸಣಿಗೆ ಹಿಡ್ಕೊಂಡು ಹಾಡೋ ಕೆಲಸಕ್ಕೆ ಹೋಗ್ತಾರಾ?” ಎಂದರು. ಓಕ್‌ದಾನ್ ತಲೆ ತಗ್ಗಿಸಿ ನಿಂತಿದ್ದಳು, ಕಿವಿ ಮಾತ್ರ ಕೆಂಡದಂತಾಗಿತ್ತು. ಹೊರಗೆ ಬಂದ ಮೇಲೆ ಮೇಷ್ಟ್ರು ಹೇಳಿದರು: ವರ್ಷದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಪ್ಪಿದರೆ ಅದೇ ತರಗತಿಯಲ್ಲಿ ಮತ್ತೆ ಕೂರಬೇಕು. ನೂರು ದಿನ ಮುಗಿದ ಕೂಡಲೇ ಇಳಿದು ಬಂದರೆ ಬಚಾವು. ದಾರಿಯಲ್ಲಿ ನಿನ್ನ ಮಗಳು ನನ್ನ ತೋಳು ಹಿಡಿದು, “ಅಜ್ಜೀ, ಅವರು ಚೆಂಡು ಹೊಡೀತಾರೆ, ನಾನು ಗಂಟಲು ಹೊಡ್ಕೋತೀನಿ. ಎರಡೂ ಮೈಮುರಿ ಕೆಲಸಾನೇ ಅಲ್ವಾ?” ಎಂದು ನಕ್ಕಳು. ಆ ನಗು ಎಷ್ಟು ದೊಡ್ಡದಿತ್ತೆಂದರೆ ಎದುರಿನ ಅಕ್ಕಿ ಗಿರಣಿಯವನು ಹೊರಗೆ ಬಂದು ನೋಡಿದ.

ಆಮೇಲೆ ನಿನ್ನ ಪತ್ರ ಬಂತು. “ಹೋಗಲಿ ಅತ್ತೆ. ನಾನು ಆಸೆಪಟ್ಟದ್ದಕ್ಕೆ ಎಲ್ಲಿಗೂ ಹೋಗಲಿಲ್ಲ, ಬೇಡದ್ದಕ್ಕೆ ಇಷ್ಟು ದೂರ ಬಂದೆ. ಅವಳಾದರೂ ಆಸೆಪಟ್ಟಲ್ಲಿಗೆ ಹೋಗಲಿ” ಎಂದು ಬರೆದಿದ್ದೆ. ಓಕ್‌ದಾನ್ ಅದನ್ನು ಅಂಚೆಯವನ ಎದುರೇ ಗಟ್ಟಿಯಾಗಿ ಓದಿ ಕುಣಿದಳು. ಜೂನ್ ಮೊದಲಲ್ಲಿ ನಾನೇ ಅವಳನ್ನು ಜಿರಿಸಾನ್ ಬೆಟ್ಟದಲ್ಲಿ ಪ್ಯೋ ಇದ್ದ ಗುಡಿಸಲಿಗೆ ಬಿಟ್ಟುಬಂದೆ.

ಆಗಸ್ಟಿನಲ್ಲಿ ರಜೆ ಮುಗಿಯುವ ಹೊತ್ತಿಗೆ ಬಾರ್ಲಿ, ಒಣ ಮೀನು, ಸೋಯಾ ಗೊಜ್ಜು ಹೊತ್ತುಕೊಂಡು ನೋಡಲು ಹೋದೆ. ಕಣಿವೆಯ ದಾರಿಯಲ್ಲಿ ಜಲಪಾತದ ಸದ್ದಿನ ನಡುವೆ ಯಾರೋ ಮುದುಕ ಕೆಮ್ಮುತ್ತ ಕಿರುಚುತ್ತಿರುವ ಹಾಗೆ ಕೇಳಿಸಿತು. ಪಾಪ, ಯಾವ ಸೌದೆಯವನೋ ಬಿದ್ದನೇನೋ ಎಂದು ಬೇಗ ಬೇಗ ಹತ್ತಿದೆ. ನೋಡಿದರೆ ಬಂಡೆಯ ಮೇಲೆ ನಮ್ಮ ಹುಡುಗಿ. ಮುಖ ಬಾತಿತ್ತು. ಉಗುಳಿದ್ದರಲ್ಲಿ ರಕ್ತವಿತ್ತು. ನಾನು ಗೋಳಾಡಿದಾಗ ಪ್ಯೋ ಸಮಾಧಾನ ಮಾಡಿದರು: “ಎಲ್ಲರ ದನಿಯೂ ಒಂದ್ಸಲ ಒಡೀಬೇಕು ದೊಡ್ಡಮ್ಮ. ಒಡೆದ ಮೇಲೇ ತೆರ್ಕೊಳ್ಳೋದು. ನಂದೂ ಹೀಗೇ ಆಗಿತ್ತು.” ಊತ ಇಳಿಯಲು ಹಳೆಯ ಗಾಯಕರು ಕುಡಿಯುತ್ತಿದ್ದ ಪಾಯಖಾನೆಯ ಗುಂಡಿಯ ತಿಳಿನೀರನ್ನೂ ಕುಡಿಸಿದ್ದರು. ನಿನ್ನ ಮಗಳು, ಸಾರಿನಲ್ಲಿ ಒಂದು ಮೀನಿನ ಮುಳ್ಳು ಕಂಡರೆ ಬಟ್ಟಲು ತಳ್ಳುವವಳು, ಮೂಗು ಹಿಡಿದು ಅದನ್ನು ಕುಡಿದಿದ್ದಳು. “ಅಮ್ಮ ಅಲ್ಲಿ ಬೇರೆಯವರ ಹೇಲು ಬಾಚ್ತಾಳೆ, ನಾನು ಒಂದು ಗುಟುಕು ಕುಡಿಯಲ್ವಾ?” ಎಂದು ಆ ಒಡಕು ದನಿಯಲ್ಲೇ ತಮಾಷೆ ಮಾಡಿದಳು. ನನಗೆ ನಗಲಾಗಲಿಲ್ಲ.

ನೂರು ದಿನ ಮುಗಿಯಿತು. ದನಿ ತೆರೆಯಲಿಲ್ಲ. ಇನ್ನೇನು ಬಂತು, ಇನ್ನೇನು ಬಂತು ಎಂದು ಪ್ಯೋ ಅವಳನ್ನು ಬೆಟ್ಟದಿಂದ ಇಳಿಸಲಿಲ್ಲ. ಸೆಪ್ಟೆಂಬರ್ ಕಳೆದು, ಹಾಜರಿಯ ಲೆಕ್ಕ ಇನ್ನೇನು ಮೀರುತ್ತದೆ ಎಂದಾಗ ನಾಮ್ ಮೇಷ್ಟ್ರು ಭಾನುವಾರ ಅಂಗಡಿಗೆ ಬಂದು, ಬನ್ನಿ ಅಜ್ಜಿ, ಕರ್ಕೊಂಡು ಬರೋಣ ಎಂದು ನನ್ನನ್ನೂ ಹೊರಡಿಸಿದರು. ಆ ಸಣಕಲು ಮನುಷ್ಯ ದಾರಿಯುದ್ದಕ್ಕೂ ನನ್ನ ಗಂಟನ್ನು ತಾವೇ ಹೊತ್ತರು. “ನಾಳೆ ಬಂದು ಬೆಂಚಲ್ಲಿ ಕೂತ್ರೆ ಸಾಕು ಕಣಮ್ಮ, ಓದದಿದ್ರೂ ಪರವಾಗಿಲ್ಲ. ನಾಳೆ ತಪ್ಪಿದ್ರೆ ನನ್ನ ಕೈಲಿ ಏನೂ ಉಳಿಯಲ್ಲ” ಎಂದು ಅವಳನ್ನು ಬೇಡಿಕೊಂಡರು. ಅವಳು ಹೇಳಿದಳು: “ಸಾರ್, ನಿನ್ನೆ ಒಂದ್ಸಲ ಬಂತು, ಮೇಲಿನ ಸ್ವರ. ಬಂದು ಹೋಯ್ತು. ಈಗ ಇಳಿದ್ರೆ ಅದು ಮತ್ತೆ ಬರತ್ತಾ?” ನಾನು ಗದರಿದೆ, ಕೈ ಹಿಡಿದು ಎಳೆದೆ. ಆಗ ಅವಳು, “ಅಮ್ಮ ಹೋಗು ಅಂದಿದಾಳೆ ಅಜ್ಜೀ” ಎಂದಳು. ಇದನ್ನು ನಿನ್ನನ್ನು ಚುಚ್ಚಲು ಬರೆಯುತ್ತಿಲ್ಲ ಮಗಳೇ. ನಡೆದದ್ದು ಹಾಗೆ. ನಾವಿಬ್ಬರೂ ಬರಿಗೈಯಲ್ಲಿ ಇಳಿದೆವು. ಮೇಷ್ಟ್ರು ತಂದಿದ್ದ ಪುಸ್ತಕಗಳನ್ನು ಮಾತ್ರ ಅವಳ ಹಾಸಿಗೆಯ ಪಕ್ಕ ಇಟ್ಟು ಬಂದರು.

ಅಕ್ಟೋಬರ್‌ನಲ್ಲಿ ಆಯ್ಕೆಯ ದಿನ ಪ್ಯೋ ಅವಳನ್ನು ಬೆಟ್ಟದಿಂದ ನೇರ ಜೊಂಜುವಿಗೆ ಕರೆತಂದರು, ನಾನೂ ಅಲ್ಲಿಗೆ ಹೋಗಿದ್ದೆ. ನೀನು ಮದುವೆಯಲ್ಲಿ ಉಟ್ಟಿದ್ದ ಲಂಗವನ್ನು ಅವಳ ಅಳತೆಗೆ ತಿದ್ದಿ ಉಡಿಸಿದ್ದೆ. ಬೀಸಣಿಗೆ ಹಿಡಿದು ಚಾಪೆಯ ಮೇಲೆ ನಿಂತಾಗ, ದೇವರಾಣೆ, ನನ್ನ ಸತ್ತ ಮಗನೇ ಹೆಣ್ಣಾಗಿ ನಿಂತ ಹಾಗಿತ್ತು, ಅದೇ ಭುಜ, ಅದೇ ಹಟ. ಡೋಲಿನವನು ಒಂದು ಪೆಟ್ಟು ಕೊಟ್ಟ. ಅವಳು ಬಾಯಿ ತೆರೆದಳು. ಏನೂ ಬರಲಿಲ್ಲ. ಶುರು ಮಾಡಲು ಮರೆತಳೇನೋ ಎಂದುಕೊಂಡು ಅವನು ಮತ್ತೆ ಬಾರಿಸಿದ. ಅವಳು ಮತ್ತೆ ತೆರೆದಳು, ಕತ್ತಿನ ನರಗಳು ಉಬ್ಬಿದವು, ಕಣ್ಣು ಹೊರಗೆ ಬರುವ ಹಾಗಾಯಿತು, ಬಂದದ್ದು ಬರೀ ಗಾಳಿ. ತೂತಾದ ತಿದಿಯಿಂದ ಬರುತ್ತದಲ್ಲ, ಅಂಥದ್ದು. ಸೋಲ್‌ನಿಂದ ಬಂದವರು ಒಳ್ಳೆಯವರೇ, ನಕ್ಕವರಿಲ್ಲ. ಒಬ್ಬರು ನೀರು ತಂದುಕೊಟ್ಟು, “ಹೆದರ್ಕೊಂಡಿದೀಯಾ ಮಗು, ಕೂತ್ಕೋ, ಕೊನೇಗೆ ಕರೀತೀವಿ” ಎಂದರು. ಕೊನೆಗೂ ಕರೆದರು. ಆಗಲೂ ಅಷ್ಟೇ.

ಜೊಂಜುವಿನ ಆಸ್ಪತ್ರೆಯ ಡಾಕ್ಟರು ನವೆಂಬರ್ ಇಡೀ ಔಷಧಿ ಕೊಟ್ಟು ನೋಡಿದರು. ಹೋದ ಶುಕ್ರವಾರ ನನ್ನೊಬ್ಬಳನ್ನೇ ಒಳಗೆ ಕರೆದು ಹೇಳಿದರು. ಗಂಟಲಿನೊಳಗೆ ದನಿ ಹುಟ್ಟುವ ಜಾಗ ಹರಿದು, ಹರಿದದ್ದು ಒಣಗಿ ಗಟ್ಟಿಯಾಗಿದೆಯಂತೆ. “ಹಾಡೋದನ್ನ ಮರೆತುಬಿಡಿ ಅಜ್ಜಿ. ಮಾತು ಬರತ್ತೆ ಅಂತ ನಾನು ಸುಳ್ಳು ಹೇಳಲ್ಲ.” ಸೋಲ್‌ಗೆ ಕರೆದುಕೊಂಡು ಹೋದರೆ ಎಂದೆ. ಅಲ್ಲೂ ಇದನ್ನೇ ಹೇಳುತ್ತಾರೆ ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಓಕ್‌ದಾನ್ ನನ್ನ ಮುಖ ನೋಡಿದಳು, ಎದ್ದು ನನ್ನ ಶಾಲು ಸರಿಮಾಡಿದಳು.

ಪ್ಯೋ ಬಂದಿದ್ದರು. ಅಂಗಡಿಯ ಒದ್ದೆ ನೆಲದ ಮೇಲೆ ಮಂಡಿಯೂರಿ ಕೂತರು. “ನನ್ನ ಗಂಟಲು ಹೋಗಿ ವಾಪಸ್ ಬಂದಿತ್ತು. ನನ್ನ ಗುರುವಿಂದೂ ಬಂದಿತ್ತು. ಬರದೇ ಇರೋರ ಸುದ್ದಿ ನಮಗ್ಯಾರೂ ಹೇಳಿರಲಿಲ್ಲ ದೊಡ್ಡಮ್ಮಾ” ಎಂದು ಅತ್ತರು. ಪೊರಕೆ ಎತ್ತಿಕೊಳ್ಳಬೇಕೆಂದು ಕಾದಿದ್ದ ನನ್ನ ಕೈ ಏಳಲಿಲ್ಲ. ಓಕ್‌ದಾನ್ ಒಳಗಿನಿಂದ ಬಂದು ಅವರಿಗೆ ಚಾಪೆ ಹಾಕಿದಳು, ಬಾರ್ಲಿ ಚಹಾ ತಂದಿಟ್ಟಳು. ಆಮೇಲೆ ಪ್ಯೋ ಕೊಟ್ಟಿದ್ದ ಬೀಸಣಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಅವರ ಮಡಿಲಿಗೆ ಇಟ್ಟಳು. ಅವರು ಎಷ್ಟು ಬೇಡವೆಂದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಶಾಲೆಯ ಮಾತು ಕೇಳುತ್ತೀಯ. ಈ ವರ್ಷ ಹೋಯಿತು. ಮಾರ್ಚಿನಲ್ಲಿ ಕಿರಿಯರ ಜೊತೆ ಅದೇ ತರಗತಿಯಲ್ಲಿ ಕೂರಬೇಕು. ಅದಕ್ಕಾದರೂ ಸೇರಿಸಿಕೊಳ್ಳಿ ಎಂದು ಕೇಳಲು ಹೋದಾಗ ಹೆಡ್‌ಮಾಸ್ಟರು, “ಹಾಜರಿ ಕೂಗಿದ್ರೆ ಬಂದಿದೀನಿ ಅನ್ನೋಕೂ ಆಗದೋಳನ್ನ ಎಲ್ಲಿ ಕೂರಿಸ್ಲಿ?” ಎಂದರು. ನಾಮ್ ಮೇಷ್ಟ್ರು ಎಂದೂ ದನಿ ಏರಿಸದವರು, “ಕೈ ಎತ್ತಿದ್ರೆ ಸಾಕು, ನನಗೆ ಕಣ್ಣಿದೆ!” ಎಂದು ಕೂಗಿಬಿಟ್ಟರು. ಹೆಡ್‌ಮಾಸ್ಟರು ಕೊನೆಗೆ ಒಪ್ಪಿದರು. ಒಪ್ಪದೇ ಇದ್ದವಳು ನಮ್ಮ ಹುಡುಗಿ. ಆ ಸಂಜೆಯೇ ಸಮವಸ್ತ್ರವನ್ನು ಒಗೆದು, ಬಿಳಿ ಕಾಲರಿಗೆ ಗಂಜಿ ಹಾಕಿ, ಪಕ್ಕದ ಮನೆಯ ಹುಡುಗಿಗೆ ಕೊಟ್ಟು ಬಂದಳು. ಯಾಕೆ ಹೀಗೆ ಮಾಡಿದೆ ಎಂದು ನಾನು ಅರಚಿದೆ. ಅವಳು ತಿರುಗಿ ಅರಚಲಿಲ್ಲ. ಮೊದಲಾಗಿದ್ದರೆ ನನ್ನ ಒಂದು ಮಾತಿಗೆ ಹತ್ತು ಹೇಳುತ್ತಿದ್ದಳಲ್ಲ, ಆ ಬಾಯಿಬಡುಕಿಯನ್ನು ಕೆಣಕಲು ಈಗಲೂ ಬೇಕೆಂದೇ ಒಂದು ಮಾತು ಎಸೆಯುತ್ತೇನೆ.

ಈಗ ದಿನವಿಡೀ ಅಂಗಡಿಯಲ್ಲಿರುತ್ತಾಳೆ. ಮಡಕೆಗಳಿಗೆ ನೀರು ಹೊಯ್ಯುತ್ತಾಳೆ, ಗಿರಾಕಿಗೆ ತೂಗಿ ಕೊಡುತ್ತಾಳೆ. ಪಿಸುಮಾತಾದರೂ ಆಡು ಎಂದರೆ ಆಡುವುದಿಲ್ಲ. ಆ ಗಾಳಿಯ ಸದ್ದು ಅವಳಿಗೇ ಅಸಹ್ಯವಾಗಿದೆ. ತೋಫು ಮಾರುವ ಹೆಂಗಸು, “ಮೂಗಿ ಹುಡುಗಿ ಚೌಕಾಸಿ ಮಾಡಲ್ಲ, ಒಳ್ಳೇದಾಯ್ತು ಬಿಡು” ಎಂದಳು. ಅವಳ ತೋಫು ಬುಟ್ಟಿಯನ್ನು ಬೀದಿಗೆ ಎಸೆದು ಬಂದೆ, ಈ ವಯಸ್ಸಿನಲ್ಲಿ. ಅದರಿಂದೇನೂ ಬದಲಾಗಲಿಲ್ಲ.

ದೇವರು ಒಳ್ಳೆಯದು ಮಾಡುತ್ತಾನೆ ಎಂದು ಬರೆದು ಈ ಪತ್ರ ಮುಗಿಸಬಹುದಿತ್ತು. ಬರೆಯಲಾರೆ ಮಗಳೇ. ನೀನು ಆಸ್ಪತ್ರೆಯವಳು, ಡಾಕ್ಟರ ಮಾತಿನ ತೂಕ ನನಗಿಂತ ಚೆನ್ನಾಗಿ ಬಲ್ಲೆ. ಒಬ್ಬಳೇ ಕೂತು ಅಳಬೇಡ, ನಿನ್ನ ಜೊತೆಯ ನಮ್ಮೂರ ಕಡೆಯ ಹುಡುಗಿಯರಿಗೆ ಹೇಳಿಕೊಂಡು ಅಳು. ಹೊಟ್ಟೆಗೆ ತಿನ್ನು. ಕಾಲು ಬೆಚ್ಚಗಿಟ್ಟುಕೋ. ನನ್ನ ಆಯುಸ್ಸಿನಲ್ಲಿ ಏನಾದರೂ ಮಿಕ್ಕಿದ್ದರೆ ನಿಮ್ಮಿಬ್ಬರಿಗೂ ಸೇರಲಿ.

ನಿನ್ನ ದಾರಿ ಕಾಯುವ,
ಅತ್ತೆ

ತಾ. ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಂಚೆಯವನು ನಿನ್ನ ಕಾರ್ಡು ತಂದ. ಹೊಸ ವರ್ಷದ ಬೆಳಿಗ್ಗೆ ನಮ್ಮೂರ ಅಂಚೆ ಕಚೇರಿಗೆ ಫೋನ್ ಮಾಡುತ್ತೀಯಂತೆ, ಬೆಟ್ಟದಲ್ಲಿ ಕಲಿತ ಒಂದು ಸಾಲು ಕೇಳಬೇಕಂತೆ. ಬಾಗಿಲಲ್ಲಿದ್ದ ಓಕ್‌ದಾನಳೇ ಅದನ್ನು ಮೊದಲು ಓದಿದಳು. ಮಾಡಬೇಡ ಎಂದು ಬರೆಯಲಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು, ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು ಇಟ್ಟಳು. ಅವಳು ಮಡಕೆಗಳ ಕಡೆಗೆ ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅವಳು ಬರುತ್ತಾಳೆ. ಫೋನು ಅವಳ ಕೈಯಲ್ಲೇ ಇರುತ್ತದೆ. ನಿನಗೆ ಏನೂ ಕೇಳಿಸುವುದಿಲ್ಲ, ತಂತಿ ಕಡಿದಿದೆ ಎಂದುಕೊಂಡು ಇಟ್ಟುಬಿಡಬೇಡ. ಹಾಡು ಎಂದು ಮಾತ್ರ ಅನ್ನಬೇಡ. ಹಿಮ ಬಿತ್ತೆಂದೋ, ರೊಟ್ಟಿ ಸೀದಿತೆಂದೋ, ಆ ಮುದುಕಿ ಕಿಟಕಿ ಮುಚ್ಚಿದಳೆಂದೋ, ಏನಾದರೂ ಸರಿ, ಫೋನಿನವರೇ ಕಡಿದುಹಾಕುವವರೆಗೂ ನೀನೇ ಮಾತಾಡುತ್ತಿರು.